ಚಂದ್ರಕ್ಕನ ಮೂರನೇ ಮೆಷಿನ್

ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಚಂದ್ರಕ್ಕನಿಗೆ ಅನುಮಾನವೆಂದರೆ ಬೆಳಗಿನ ಕಾಫಿಯಿದ್ದಂತೆ, ಅದಿಲ್ಲದೆ ದಿನ ಶುರುವಾಗದು. ಹಾಲಿನವಳು ನೀರು ಬೆರೆಸುತ್ತಾಳೆ, ಹುಡುಗಿಯರು ಕೀ ನೋಡಿಕೊಂಡೇ ಟೈಪ್ ಮಾಡುತ್ತಾರೆ, ಗೋಡೆಯ ಗಡಿಯಾರವೂ ಬೇಕೆಂದೇ ಹಿಂದೆ ಬೀಳುತ್ತದೆ. ಎಷ್ಟೋ ಸಲ ಅವಳ ಮಾತು ನಿಜವೂ ಆಗುತ್ತಿತ್ತು, ಅದೇ ತೊಂದರೆ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅವಳ ಮೂರು ಟೈಪ್‌ರೈಟರುಗಳಲ್ಲಿ ಮೂರನೇ ಮೆಷಿನ್ನಿಗೊಂದು ಚಾಳಿ ಹತ್ತಿತು. ಹೊಸ ಪ್ಯಾರಾಕ್ಕೆ ಟ್ಯಾಬ್ ಒತ್ತಿದರೆ ಸಾಲು ತಾನಾಗಿಯೇ ಐದು ಅಕ್ಷರ ಒಳಗೆ ಸರಿದು ನಿಲ್ಲಬೇಕು. ಇದು ಮೂರಕ್ಕೇ ನಿಂತುಬಿಡುತ್ತಿತ್ತು. ಸರ್ಕಾರಿ ಪರೀಕ್ಷೆ ಹತ್ತಿರ ಬಂದಿತ್ತು. ಸಾಲು ಸೊಟ್ಟಗಾದರೆ ಹುಡುಗಿಯರು ಫೇಲಾಗುತ್ತಾರೆ, ಆಮೇಲೆ ಶಾಲೆಯ ಮೆಟ್ಟಿಲು ಹತ್ತುವವರು ಯಾರು?

ಚಿತ್ರದುರ್ಗದ ಮೆಕ್ಯಾನಿಕ್ ದಿಲಾವರ್ ಬಂದು ಎಣ್ಣೆ ಬಿಟ್ಟು ಸರಿಮಾಡಿ ಹೋಗುತ್ತಿದ್ದ. ಶುಕ್ರವಾರ ಕಳೆದರೆ ಮತ್ತೆ ಅದೇ ಚಾಳಿ. ಮೂರನೇ ಸಲ ಅವನು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಚಂದ್ರಕ್ಕ ಕುರ್ಚಿ ಎಳೆದುಕೊಂಡು ಅವನ ಕೈಯನ್ನೇ ನೋಡುತ್ತ ಕೂತಳು.

“ಅರ್ಧ ಕೆಲಸ ಮಾಡಿ ಬಿಡ್ತೀರೇನ್ರಿ, ಮತ್ತೆ ಕರೀಲಿ ಅಂತ?”

ದಿಲಾವರ್ ಸ್ಕ್ರೂಡ್ರೈವರ್ ಒರೆಸಿ ಚೀಲಕ್ಕೆ ಹಾಕಿದ. “ಇನ್ಮೇಲೆ ಬೇರೇರನ್ನ ಕರೆಸ್ಕಳ್ರಿ ಅಕ್ಕಾರೆ,” ಎಂದು ಇಳಿದುಹೋದ. ಅವನು ಸಿಟ್ಟಾಗದಿದ್ದದ್ದೂ ಅವಳಿಗೆ ಅನುಮಾನವೇ.

ಅವನು ಹೋದ ಕೂಡಲೇ ಟ್ಯಾಬ್ ಒತ್ತಿ ನೋಡಿದಳು. ಸರಿಯಾಗಿ ಐದಕ್ಕೆ ನಿಂತಿತು. ಶುಕ್ರವಾರದ ಪೂಜೆ ಮುಗಿಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮೆಷಿನ್ನುಗಳಿಗೆ ಇಟ್ಟಳು. ಹುಡುಗಿಯರ ಕೈ ತಾಗಿ ಅಳಿಸದಿರಲೆಂದು ಇಡುತ್ತಿದ್ದದ್ದು ಹಿಂಬದಿಗೆ. ಉಳಿದೆರಡರ ಹಿಂಬದಿ ಮುಚ್ಚಿತ್ತು, ಮೂರನೆಯದರಲ್ಲಿ ಸಾಲು ನಿಲ್ಲಿಸುವ ಸಣ್ಣ ಹಲ್ಲುಗಳು ಬಯಲಿಗಿದ್ದವು; ಯಾವ ಹಲ್ಲು ಒಳಗೆ ಹೋದರೆ ಅಲ್ಲಿಗೇ ಸಾಲು ನಿಲ್ಲುತ್ತಿತ್ತು. ಬೆರಳೊತ್ತಿದಾಗ ಒಂದು ಹಲ್ಲು ಟಕ್ಕೆಂದು ಒಳಗೆ ಹೋಯಿತು. ಟ್ಯಾಬ್ ಒತ್ತಿದಳು. ಮೂರು.

ಮರುದಿನವೇ ದುರ್ಗದ ಬಸ್ಸು ಹತ್ತಿ ಅವನ ಅಂಗಡಿಗೆ ಹೋದಳು.

“ಕುಂಕುಮದ್ದು ನಿಮಗೆ ಗೊತ್ತಿತ್ತೇನ್ರಿ?”

“ಮೊದಲ್ನೇ ದಿನಾನೇ ಕಂಡಿತ್ತು. ಪೂಜೇದು, ನಾನು ಒರೆಸಬಾರ್ದು ಅಂತ ಹಲ್ಲು ಮಾತ್ರ ಹಿಂದಕ್ಕೆ ತಳ್ಳಿ ಎಣ್ಣೆ ಬಿಟ್ಟೆ.”

“ಬಾಯಿಬಿಟ್ಟು ಹೇಳಬಾರ್ದಿತ್ತಾ?”

“ಬಿಟ್ಟ ಎಣ್ಣೆನೇ ನಂಬಲಿಲ್ಲ ನೀವು. ಕುಂಕುಮ ಇಡಬ್ಯಾಡ್ರಿ ಅಂದಿದ್ರೆ, ಸಾಬ ಪೂಜೆ ಬಿಡಿಸಾಕೆ ಬಂದ ಅಂತಿದ್ರಿ.”

ಹೌದು, ಅನ್ನುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು. ಚೀಲದಿಂದ ಕುಂಕುಮದ ಭರಣಿ ತೆಗೆದು ಅವನ ಮುಂದಿಟ್ಟಳು.

“ಬರ್ರಿ. ಎಲ್ಲಿ ಇಡಬೇಕು ಅಂತ ನೀವೇ ತೋರಿಸ್ರಿ.”

ದಿಲಾವರ್ ಭರಣಿಯನ್ನೂ ಅವಳ ಮುಖವನ್ನೂ ಬಹಳ ಹೊತ್ತು ನೋಡಿದ. ಈಗ ಅನುಮಾನ ಅವನದಾಗಿತ್ತು. ಆಮೇಲೆ ಚೀಲ ಹೆಗಲಿಗೇರಿಸಿದ.