ತೊಟ್ಟಿಲು ಕಟ್ಟದ ಚಳಿಗಾಲ

ಆ ವರ್ಷ ಚಳಿ ದೀಪಾವಳಿಗೆ ಮೊದಲೇ ಬಂತು. ನಮ್ಮ ಮಗಳೂ ಹಾಗೆಯೇ ಬಂದಳು. ಬಸುರಿಗೆ ಮಾಡುವ ಕುಬಸದ ಊಟ ಆಗಷ್ಟೇ ಮುಗಿದಿತ್ತು. ಹೆಂಡತಿಯನ್ನು ಚೊಚ್ಚಲ ಹೆರಿಗೆಗೆ ಕಾಖಂಡಕಿಯ ತವರಿಗೆ ಕಳಿಸುವ ಮಾತು ನಡೆದಿರುವಾಗಲೇ, ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಕೂಸು ತಿಂಗಳು ತುಂಬದೆ ಹುಟ್ಟಿತು.

ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಸ್ಪಷ್ಟವಾಗಿತ್ತು. ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಕೂಸಿಗೆ ಇನ್ನೂ ಬಂದಿಲ್ಲ. ತೂಕ ಬರುವವರೆಗೆ, ಅಂದರೆ ಈ ಚಳಿ ಮುಗಿಯುವವರೆಗೆ, ಕೆಳಗೆ ಮಲಗಿಸಬಾರದು. ಯಾರಾದರೊಬ್ಬರ ಬರಿ ಎದೆಗೆ ಅದರ ಬರಿ ಮೈ ತಾಗಿರಬೇಕು. ಉಸಿರು ಮರೆತು ನೀಲಿಗಟ್ಟಿದರೆ ಅಂಗಾಲು ತಟ್ಟಿ ಎಚ್ಚರಿಸಬೇಕು. ಕೆಮ್ಮು ಇರುವವರು ಅದನ್ನು ಮೈಗೆ ಹಚ್ಚಿಕೊಳ್ಳಬಾರದು. ಕೋಣೆಯಲ್ಲಿ ಹೊಗೆ ಕೂಡದು.

ಹೊಗೆಯ ಮಾತಿಗೆ ಅವ್ವ ಒಪ್ಪಲಿಲ್ಲ. ತಿಕೋಟಾದ ನಮ್ಮ ಮನೆ ಊರಿನ ಕೊನೆಗಿದೆ. ಹಿತ್ತಲ ಆಚೆ ಹೊಲಗಳೇ. ಗಾಳಿಗೆ ಅಡ್ಡ ಒಂದು ಗೋಡೆಯೂ ಇಲ್ಲ.

"ಬಾಣಂತಿ ಹೊರಸಿನ ಕೆಳಗ ಕೆಂಡ ಇಡಬ್ಯಾಡಂತ? ನೀ ಅದರ ಮ್ಯಾಲ ಬೆಳದಾಂವ ಅದೀಯಲೇ."

"ಡಾಕ್ಟರಮ್ಮ ಹೇಳ್ಯಾಳಬೇ, ಹೊಗಿ ಆಗೂದಿಲ್ಲ."

"ಆಕಿಗೇನ ಗೊತ್ತು ತಿಕೋಟಿ ಥಂಡಿ!" ಎಂದು ಅವ್ವ ಕೆಮ್ಮಿದಳು. ಕೆಮ್ಮಿದ ಮೇಲೆ ತಾನೇ ಎದ್ದು ಕೋಣೆಯಿಂದ ಹೊರಗೆ ಹೋದಳು.

ಅವ್ವನಿಗೆ ಆ ಚಳಿಯುದ್ದಕ್ಕೂ ಕೆಮ್ಮು ಬಿಡಲಿಲ್ಲ. ನಾನು ವಿಜಯಪುರದ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವವನು. ಪಾಳಿ ಬಂದಾಗ ಹೋಗಲೇಬೇಕು. ಹೆಂಡತಿ ಒಬ್ಬಳೇ ಹಗಲೂ ರಾತ್ರಿ ಎದೆ ಕೊಡುವುದು ಆಗದ ಮಾತು. ಉಳಿದವರು ಅಪ್ಪ.

ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರು ತಲೆಯ ಮೇಲೆ ಸೆರಗಿಲ್ಲದೆ ಬರುವುದಿಲ್ಲ, ಕೂರುವುದಿಲ್ಲ, ನೇರ ಮಾತಾಡುವುದಿಲ್ಲ. ಚಹಾ ಬೇಕಾದರೆ ಅಪ್ಪ ಗೋಡೆಗೆ ಹೇಳುತ್ತಿದ್ದರು. ಅವಳು ಗೋಡೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಅಂಥವರು ಈಗ ಬಾಣಂತಿಯ ಕೋಣೆಯಲ್ಲಿ ಅಂಗಿ ಬಿಚ್ಚಿ ಕೂರಬೇಕಿತ್ತು. ವಿಷಯ ತಿಳಿಸಿದಾಗ ಅವರು ಎದ್ದು ಹೊರಗೆ ಹೋದರು. ಊಟದ ಹೊತ್ತಿಗೆ ತಿರುಗಿ ಬಂದಾಗ ಎದೆಯ ಕೂದಲನ್ನೆಲ್ಲ ಕ್ಷೌರದವನ ಕೈಲಿ ಬೋಳಿಸಿಕೊಂಡಿದ್ದರು.

"ಅಯ್ಯ, ಮದುವಿ ದಿನಾನೂ ಇಷ್ಟ ನೀಟ ಇರಲಿಲ್ಲಲ್ರೀ!" ಅಂದಳು ಅವ್ವ.

"ಕೂಸಿಗಿ ಚುಚ್ಚಬಾರದು," ಅಂದರು ಅಪ್ಪ. ಅದನ್ನೂ ಗೋಡೆಗೇ ಹೇಳಿದರು.

ಕೋಣೆಯ ನಡುವೆ ಹಳೆಯ ಧೋತರದ ಪರದೆ ಕಟ್ಟಿದೆವು. ಈಚೆ ಹೆಂಡತಿ ಎದೆಯಿಂದ ಕೂಸನ್ನು ಬಿಡಿಸಿ ಕೊಡುತ್ತಿದ್ದಳು. ನಾನಿಲ್ಲದಾಗ ಅವ್ವ ಮೂಗು ಬಾಯಿಗೆ ಸೆರಗು ಬಿಗಿದುಕೊಂಡು ಅದನ್ನು ಪರದೆಯ ಆಚೆ ಒಯ್ದು ಅಪ್ಪನ ಎದೆಗಿಟ್ಟು ಕೌದಿ ಹೊದಿಸುತ್ತಿದ್ದಳು. ಇಬ್ಬರು ಸಾಕಾಗುವ ಕೆಲಸಕ್ಕೆ ಮೂರನೆಯವರು ಬೇಕಿತ್ತು. ಆ ನಡುವಿನ ಹೊತ್ತಿನಲ್ಲಿ ಕೂಸು ಥಂಡಿ ಗಾಳಿಯಲ್ಲಿರುತ್ತಿತ್ತು. ನಮಗೆ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ತವರಿನಿಂದ ಬಂದ ತೊಟ್ಟಿಲು ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿತ್ತು. ತೊಟ್ಟಿಲ ಶಾಸ್ತ್ರ ಆಗಿರಲಿಲ್ಲ, ಹಾಗಾಗಿ ಹೆಸರೂ ಇಟ್ಟಿರಲಿಲ್ಲ. ಕೇಳಿದವರಿಗೆ ಅವ್ವ "ಥಂಡಿ ಹೋಗ್ಲಿರಿ" ಎನ್ನುತ್ತಿದ್ದಳು. ನನಗಿಂತ ಮೊದಲು ಅವಳಿಗೊಂದು ಕೂಸು ಹುಟ್ಟಿ, ಹೆಸರಿಟ್ಟ ಮೇಲೆ ಹೋಗಿತ್ತು. ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿಲ್ಲ.

ಎಳ್ಳಮಾಸಿಯ ದಿನ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ನೈವೇದ್ಯದ ಚರಗ ಚೆಲ್ಲಿ ಅಲ್ಲೇ ಉಣ್ಣುತ್ತದೆ. ಅಪ್ಪ ಅದನ್ನು ಎಂದೂ ತಪ್ಪಿಸಿದವರಲ್ಲ. ಆ ವರ್ಷ ಅವ್ವ ನೆರೆಯವರ ಗಾಡಿಯಲ್ಲಿ ಬುತ್ತಿ ಕಟ್ಟಿಕೊಂಡು ಹೋದಳು. ಹೊರಡುವ ಮುಂಚೆ ಅವಳು ಎದೆಗಿಟ್ಟು ಹೋದ ಕೂಸಿನೊಂದಿಗೆ ಅಪ್ಪ ಉಳಿದರು. ನಾನು ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದೆ.

ಮಧ್ಯಾಹ್ನ ಬಂದಾಗ ಕಂಡದ್ದನ್ನು ಮೊದಲು ಹೇಳುತ್ತೇನೆ. ಬಾಗಿಲು ತೆರೆದಿತ್ತು. ಪರದೆ ಅರ್ಧ ಹರಿದು ಜೋತಾಡುತ್ತಿತ್ತು. ಅಪ್ಪನ ಟೊಪ್ಪಿಗೆ ನೆಲದ ಮೇಲಿತ್ತು. ಅಪ್ಪ ಮತ್ತು ನನ್ನ ಹೆಂಡತಿ ಒಂದೇ ಹೊರಸಿನ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದರು. ಅವಳ ತಲೆಯ ಮೇಲೆ ಸೆರಗಿರಲಿಲ್ಲ. ಅಪ್ಪನ ಎದೆಯ ಮೇಲೆ ಕೂಸಿತ್ತು. ಅದರ ಬೆನ್ನ ಮೇಲೆ ಇಬ್ಬರ ಕೈಗಳೂ ಇದ್ದವು. ಕೂಸು ಸಣ್ಣಗೆ ಅಳುತ್ತಿತ್ತು. ಆ ಹೊತ್ತಿಗೆ ನನಗೆ ಬೇಕಾಗಿದ್ದ ಸುದ್ದಿ ಅದೊಂದೇ.

ನಡೆದದ್ದನ್ನು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ಎರಡೂ ಮಾತು ಕೂಡುತ್ತವೆ. ಎದೆಗೆ ತಾಗಿದ ಉಸಿರು ನಿಂತದ್ದು ಅಪ್ಪನಿಗೆ ಗೊತ್ತಾಗಿದೆ. ನೋಡಿದರೆ ತುಟಿ ನೀಲಿ. "ತಂಗೀ, ಬಾರವ್ವಾ!" ಎಂದು ಕೂಗಿದ್ದಾರೆ. ಸೊಸೆಯನ್ನು ನೇರ ಕರೆದದ್ದು ಅದೇ ಮೊದಲು. ಒಲೆಯ ಮುಂದಿದ್ದವಳು ಓಡಿ ಬಂದಿದ್ದಾಳೆ. ಪರದೆ ಕಾಲಿಗೆ ಸಿಕ್ಕಿದೆ. "ಬಿಡಬ್ಯಾಡ್ರಿ, ಎದಿಗಿ ಹಿಡಕೊಂಡಿರ್ರಿ!" ಎಂದು ಮಾವನನ್ನೇ ಗದರಿಸಿ, ಕೌದಿಯೊಳಗೆ ಕೈ ಹಾಕಿ ಅಂಗಾಲು ತಟ್ಟಿದ್ದಾಳೆ. ಕೂಸು ಮೊದಲು ಬಿಕ್ಕಿತು, ಆಮೇಲೆ ಅತ್ತಿತು.

ಬಾಡಿಗೆ ಕಾರಿನಲ್ಲಿ ವಿಜಯಪುರಕ್ಕೆ ಒಯ್ದೆವು. ದಾರಿಯುದ್ದಕ್ಕೂ ಕೂಸು ಅಪ್ಪನ ಅಂಗಿಯ ಒಳಗಿತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಕಳಿಸಿದರು. ನಾವು ಮನೆಗೆ ಬಂದಾಗ ಪರದೆ ಇರಲಿಲ್ಲ. ಬಿಚ್ಚಿದವರು ಯಾರೆಂದು ನಾನು ಕೇಳಲಿಲ್ಲ. ಸೆರಗು ಮತ್ತೆ ತಲೆಗೆ ಬಂತು, ಅಪ್ಪ ಮತ್ತೆ ಗೋಡೆಗೇ ಮಾತಾಡಿದರು. ಆದರೆ ಕೂಸು ಮಾತ್ರ ಅವಳ ಕೈಯಿಂದ ನೇರ ಅವರ ಎದೆಗೆ ಹೋಗುತ್ತಿತ್ತು.

ಸಂಕ್ರಾಂತಿ ಮುಗಿದರೂ ಚಳಿ ಹೋಗಲಿಲ್ಲ. ಬಬಲೇಶ್ವರದ ಕಡೆ ದ್ರಾಕ್ಷಿ ತೋಟಗಳಿಗೆ ಚಳಿ ತಾಗದಂತೆ ಹಳೆಯ ಸೀರೆ ಕಟ್ಟಿದ್ದನ್ನು ಸುದ್ದಿ ಮಾಡಿದೆವು. ಚಳಿ ಇನ್ನೂ ಕೆಲವು ದಿನ ಮುಂದುವರಿಯಲಿದೆ ಎಂಬ ಸಾಲನ್ನು ಎಷ್ಟೋ ಸಲ ನಾನೇ ತಿದ್ದಿ ಅಚ್ಚಿಗೆ ಕಳಿಸಿದೆ. ಚಹಾದಂಗಡಿಯಲ್ಲಿ ಕನಮಡಿಯ ರೈತರೊಬ್ಬರು, "ಇಂಥ ಥಂಡಿ ಬೀಳಬೇಕ್ರಿ, ಜ್ವಾಳದ ತೆನಿ ಹೆಂಗ ತುಂಬ್ಯಾವ ನೋಡ್ರಿ," ಎಂದರು. ಅವರು ಹೇಳಿದ್ದು ನಿಜ. ನಾನು ತಲೆಯಾಡಿಸಿದೆ. ಚಹಾ ಅಲ್ಲೇ ಬಿಟ್ಟು ಎದ್ದೆ.

ಶಿವರಾತ್ರಿ ದಾಟಿದ ಮೇಲೆ ಹಿತ್ತಲ ಬೇವು ಎಲೆ ಉದುರಿಸಿ ಕೆಂಪಗೆ ಚಿಗುರಿತು. ಒಂದು ಮಧ್ಯಾಹ್ನ ಅಪ್ಪ ಗೋಡೆಗೆ, "ಕೂಸಿನ ನೆತ್ತಿ ಬೆವರಾಕತ್ತೈತಿ," ಎಂದರು. ಅವ್ವ ಬಂದು ನೆತ್ತಿ ಮುಟ್ಟಿ ನೋಡಿದಳು. ಆ ವಾರ ಡಾಕ್ಟರಮ್ಮ ತೂಕ ನೋಡಿ, "ಇನ್ನು ಕೆಳಗ ಮಲಗಿಸ್ರಿ," ಎಂದರು. ಅವ್ವ ತೊಟ್ಟಿಲಿಗೆ ಸುತ್ತಿದ ಬಟ್ಟೆ ಬಿಚ್ಚಿದಳು.

ಯುಗಾದಿಗೆ ಮುಂಚೆ ಶಾಸ್ತ್ರ ಆಯಿತು. ಓಣಿಯ ಹೆಂಗಸರೂ ಕಾಖಂಡಕಿಯ ಬೀಗರೂ ಮನೆ ತುಂಬ. ತೊಟ್ಟಿಲಿನ ಮೇಲಿಂದ ಒಬ್ಬರು ಕೂಸನ್ನು ಕೊಟ್ಟರು, ಕೆಳಗಿನಿಂದ ಇನ್ನೊಬ್ಬರು ತೆಗೆದುಕೊಂಡರು. ಅವ್ವ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಕೇಳಿಸಿತೋ ಇಲ್ಲವೋ ಎಂದು ಎರಡನೆಯ ಸಲ ಹೇಳಿದಳು. ತೊಟ್ಟಿಲಲ್ಲಿ ಮಲಗಿಸಿದ ಕೂಡಲೇ ಕೂಸು ಅಳಲು ಶುರುಮಾಡಿತು. ತೂಗಿದರು, ಹಾಡಿದರು, ಸಕ್ಕರೆ ನೆಕ್ಕಿಸಬೇಕೆಂದರು. ನಿಲ್ಲಿಸಲಿಲ್ಲ. ಈ ಮನೆಯಲ್ಲಿ ಅದು ಎಂದೂ ಒಂಟಿಯಾಗಿ ಮಲಗಿರಲಿಲ್ಲ.

ಹೆಂಡತಿ ಕೂಸನ್ನೆತ್ತಿಕೊಂಡು, ಹೆಂಗಸರ ನಡುವಿನಿಂದ ದಾರಿ ಮಾಡಿಕೊಂಡು, ಪಡಸಾಲೆಯಲ್ಲಿ ಬೀಗರ ಪಕ್ಕ ಕೂತಿದ್ದ ಅಪ್ಪನ ಮುಂದೆ ನಿಂತಳು.

"ಮಾವಾರ, ಅಂಗಿ ಬಿಚ್ರಿ."

ಯಾರೋ ಒಬ್ಬ ಮುದುಕಿ, "ಏನ ಕಾಲ ಬಂತಬೇ!" ಎಂದಳು.

ಅಪ್ಪ ಸೊಸೆಯ ಮುಖವನ್ನೇ ನೋಡಿ ಕೇಳಿದರು: "ಈ ಬಿಸಲಾಗ ಏನವ್ವಾ?"

ಕೇಳುತ್ತಲೇ ಗುಂಡಿ ಬಿಚ್ಚುತ್ತಿದ್ದರು.