ಕೆಂಪು ತೊಳೆಯ ಮರ

ಅವರ ಬಲಗೈ ಬೆರಳ ಸಂದುಗಳಲ್ಲಿ ಹಲಸಿನ ಅಂಟು ಕಪ್ಪಗೆ ಹೆಪ್ಪುಗಟ್ಟಿರುತ್ತಿತ್ತು. ಎಷ್ಟು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಗುಬ್ಬಿ ಬಸ್‌ಸ್ಟ್ಯಾಂಡಿನ ಪಕ್ಕ ಹಣ್ಣು ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ ಅವರನ್ನು ನಾವೆಲ್ಲ ಹಲಸಿನ ಸಾಬರು ಅಂತಲೇ ಕರೆಯುತ್ತಿದ್ದೆವು. ನಾನು ಓದಿದ್ದು ಮೂರನೇ ಕ್ಲಾಸು, ಅವರು ಅಷ್ಟೂ ಇಲ್ಲ. ಆದರೆ ಸಿಪ್ಪೆಯ ಮುಳ್ಳಿನ ಮೇಲೆ ಅಂಗೈ ಆಡಿಸಿ ಇದು ಯಾವ ತೋಟದ್ದು, ಒಳಗಿನ ತೊಳೆ ಹಳದಿಯೋ ಕೆಂಪೋ ಹೇಳಿಬಿಡುತ್ತಿದ್ದರು. ಬೇರೆಯವರ ಹಾಗೆ ಚಾಕು ಹಾಕಿ, ಚೂರು ಕಿತ್ತು ತೋರಿಸುವುದು ಅವರಿಗೆ ನಾಚಿಕೆಗೇಡು.

ಅವರ ಮಾತು ಬಂದರೆ ನನಗೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ನನ್ನ ಮಗಳಿಗೆ ಎರಡು ಬಸುರು ಇಳಿದುಹೋಗಿದ್ದವು. ಮೂರನೆಯದಕ್ಕೆ ಕುಣಿಗಲ್‌ನ ಗಂಡನ ಮನೆಯಿಂದ ಕರೆದುಕೊಂಡು ಬಂದಿದ್ದೆ. ಗಂಜಿ ನೀರೂ ಹೊಟ್ಟೆಯಲ್ಲಿ ನಿಲ್ಲದು. ಹೀಗೇ ಆದರೆ ಮಗು ಉಳಿಯುವುದು ಕಷ್ಟ ಅಂದಿದ್ದರು ತುಮಕೂರಿನ ಡಾಕ್ಟರಮ್ಮ. ಒಂದು ಬೆಳಿಗ್ಗೆ ಮಗಳು, ಕೆಂಪು ತೊಳೆ ಹಲಸು ಬೇಕಮ್ಮ ಅಂದಳು. ಆಗಲೇ ಶ್ರಾವಣ. ಹಲಸು ಮುಗಿಯುತ್ತಾ ಬಂದಿತ್ತು.

ಸಾಬರ ಹತ್ತಿರ ಓಡಿದೆ. ಇದ್ದ ಐದೂ ಹಣ್ಣು ತಡವಿ ತಲೆಯಾಡಿಸಿದರು. ಯಾವುದೋ ಒಂದು ಕೊಡಿ, ಹೇಗೋ ತಿನ್ನಿಸುತ್ತೇನೆ ಅಂದೆ.

“ಬಸುರಿ ನಾಲಿಗೆಗೆ ಸುಳ್ಳು ಹೇಳಕ್ಕಾಗಲ್ಲ ಕಣಕ್ಕ,” ಅಂದರು.

ಮಾರನೇ ದಿನ ನಿಟ್ಟೂರಿನ ಹತ್ತಿರದ ಒಂದು ತೋಟಕ್ಕೆ ಬರಹೇಳಿದರು. ಬದುವಿನ ಮೇಲೆ ಎರಡು ಮರ, ಅದರಲ್ಲಿ ಒಂದು ಕೆಂಪು ತೊಳೆಯದಂತೆ. ಎಲೆ, ತೊಗಟೆ, ನನ್ನ ಕಣ್ಣಿಗೆ ಎಲ್ಲಾ ಒಂದೇ. ಒಂದೊಂದರ ಬುಡದಲ್ಲೂ ಬಲಿತ ಹಣ್ಣು ಒಂದೊಂದೇ ಉಳಿದಿತ್ತು. ಆ ತೋಟದಿಂದ ಗಾಡಿಯಲ್ಲಿ ಬಂದ ಹಣ್ಣು ಮಾರಿದ್ದರೇ ಹೊರತು ಸಾಬರು ಆ ಮರಗಳನ್ನು ನೋಡಿರಲಿಲ್ಲ. ತೋಟ ಕೊಂಡು ತಿಂಗಳಾಗಿದ್ದ ಯಜಮಾನರಿಗೂ ಯಾವುದು ಕೆಂಪು ಅಂತ ಗೊತ್ತಿಲ್ಲ. ಒಂದನ್ನು ಮಾತ್ರ ಕೊಡುತ್ತೇನೆ ಅಂದುಬಿಟ್ಟರು.

ಸಾಬರು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ನಡೆದರು. ಮಳೆ ಕುಡಿದು ಮುಳ್ಳೆಲ್ಲ ಒಂದೇ ಥರ ಆಗಿತ್ತು. ಕೊನೆಗೆ ಎಡಗಡೆಯ ಮರದ ಹಣ್ಣಿನ ಮೇಲೆ ಕೈಯಿಟ್ಟು, ಇದೇ ಅಂದರು. ನನ್ನ ಮುಖ ನೋಡಿದರು. ಜೇಬಿನಿಂದ ಚಾಕು ತೆಗೆದರು.

“ಇಷ್ಟು ದಿನ ಜಂಬ ಮಾಡ್ದೆ ಕಣಕ್ಕ. ಇವತ್ತು ಜಂಬ ಬ್ಯಾಡ.”

ಬೆರಳಗಲ ಕೊಯ್ದರು. ಹಳದಿ. ಸಾಬರು ಇನ್ನೊಂದು ಮರಕ್ಕೆ ಹೋಗಿ ಅದನ್ನೂ ಕೊಯ್ದರು. ಕೆಂಡದಂಥ ಕೆಂಪು.

“ಏನ್ ಸಾಬ್ರೇ, ಎರಡಕ್ಕೂ ತೂತು ಹಾಕಿದ್ರಲ್ಲ. ಎರಡನ್ನೂ ನೀವೇ ಹೊತ್ಕಂಡೋಗಿ ಅತ್ಲಾಗೆ,” ಅಂದರು ಯಜಮಾನರು.

ಮಗಳು ಆರು ತೊಳೆ ತಿಂದಳು. ನಾನು ಪಾತ್ರೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ, ಈಗ ಬರುತ್ತೆ, ಈಗ ಬರುತ್ತೆ ಅಂತ. ವಾಂತಿ ಬರಲಿಲ್ಲ. ಅವತ್ತಿನಿಂದ ಅನ್ನವೂ ಒಂದೊಂದು ತುತ್ತು ಸೇರಿತು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ನಾನು ಅಜ್ಜಿಯಾದೆ. ಆ ಖುಷಿ ಇನ್ನೂ ಇಳಿದಿಲ್ಲ.

ಮೊಮ್ಮಗಳಿಗೆ ಆರು ತುಂಬಿದ ವರ್ಷ ಸಾಬರು ತೀರಿಕೊಂಡರು. ಸುದ್ದಿ ತಿಳಿದದ್ದು ಎರಡು ದಿನ ತಡವಾಗಿ. ಅವಳ ಕೈ ಹಿಡಿದುಕೊಂಡು ಅವರ ಮನೆ ಹುಡುಕಿ ಹೋದೆ. ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು. ಅವರಿಗೆ ನಾನು ಯಾರೋ ಗೊತ್ತಿಲ್ಲ. ಮೊಮ್ಮಗಳನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, “ಸಾಬರ ಕೆಂಪು ಹಲಸಿನ ಮಗು, ಇವಳೇ,” ಅಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಮಗು ಕೂರಲಿ ಅಂತ ಚಾಪೆ ಹಾಸಿದರು.