ಕಿಡೆಪೊದ ಆನೆ ಮತ್ತು ನನ್ನ ಶಿಸ್ತು

ಉಗಾಂಡದ ಕಿಡೆಪೊ ಕಣಿವೆಯ ಹೆಸರನ್ನು ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಸ್ನೇಹಿತರಲ್ಲಿ ಒಬ್ಬರೂ ಕೇಳಿರಲಿಲ್ಲ. ಅದಕ್ಕೇ ನಾನು ಅಲ್ಲಿಗೇ ಹೋಗಬೇಕೆಂದು ಹಟ ಹಿಡಿದೆ. ಹೊಂಬಣ್ಣದ ಹುಲ್ಲು, ಅದರಾಚೆ ನೀಲಿ ಬೆಟ್ಟಸಾಲು. ಎಂಥ ಜಾಗ!

ಜೀಪಿನಿಂದ ಯಾರಾದರೂ ಕೈ ಹೊರಚಾಚಿದರೆ ಅಲ್ಲಿಂದಲೇ ವಾಪಸ್ ಎಂದು ಗೈಡ್ ಮೊದಲೇ ಎಚ್ಚರಿಸಿದ್ದ. ಕಾನ್ವೆಂಟಿನಲ್ಲಿ ಕಲಿತವಳು ನಾನು, ನಿಯಮವೆಂದರೆ ನಿಯಮ. ಆನೆ ನೋಡಲೆಂದೇ ಬಂದಿದ್ದ ಮೊಮ್ಮಗಳು ನಿಶಾಳಿಗೆ ದಾರಿಯುದ್ದಕ್ಕೂ "ಕೈ ಒಳಗೆ, ನೆಟ್ಟಗೆ ಕೂತ್ಕೋ" ಎನ್ನುತ್ತಲೇ ಇದ್ದೆ.

ಆಗ ಬಂತು ಆನೆ! ದಂತಕ್ಕೆ ಮೆತ್ತಿದ್ದ ಕೆಮ್ಮಣ್ಣು ಕಾಣುವಷ್ಟು ಹತ್ತಿರ ನಿಂತು, ಸೊಂಡಿಲನ್ನು ಮೆಲ್ಲಗೆ ಮೇಲೆತ್ತಿತು. ಮರುಕ್ಷಣ ಗೈಡ್ ನನ್ನ ಭುಜ ಹಿಡಿದು ಒಳಗೆಳೆದ. ದೇವಸ್ಥಾನದ ಆನೆಯ ಮುಂದೆ ಬಾಗುವಂತೆ, ಆಶೀರ್ವಾದಕ್ಕೆಂದು ನಾನು ತಲೆಯನ್ನೇ ಹೊರಗೊಡ್ಡಿದ್ದೆ!

ನಿಶಾಳ ಕಣ್ಣಲ್ಲಿ ನೀರು. "ಅಜ್ಜಿ, ಈಗ ವಾಪಸ್ ಹೋಗ್ಬೇಕಾ?"

ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ, ಆಶೀರ್ವಾದದ ವಿಷಯ ವಿವರಿಸಿದೆ. ಗೈಡ್ ನಗು ತಡೆದುಕೊಂಡು ಹೇಳಿದ: "ನಿಯಮ ಕೈಗೆ ಮಾತ್ರ ಮೇಡಂ. ತಲೆಯ ಬಗ್ಗೆ ನಾನೇನೂ ಹೇಳಿರಲಿಲ್ಲ."

ಆಮೇಲೆ ಇಡೀ ಹಿಂಡೇ ಬಂತು. ನಿಶಾ ಕೈಕಟ್ಟಿ ಕೂತು ಕಣ್ತುಂಬ ನೋಡಿದಳು.

ಈಗ ಊರಿನಲ್ಲಿ ಕಾರು ಹತ್ತಿದೊಡನೆ, "ಅಜ್ಜಿ, ತಲೆ ಒಳಗೆ!" ಎನ್ನುತ್ತಾಳೆ. ಅವಳ ಕನ್ನಡವನ್ನು ಸದಾ ತಿದ್ದುವ ನನಗೆ ಆ ಮಾತಿನಲ್ಲಿ ತಿದ್ದಲು ಏನೂ ಸಿಗುವುದಿಲ್ಲ.